ನಿಮ್ಮ ಕ್ಲಾಸಿನಲ್ಲಿ ಕೊನೆಯ ಸಲ ಫೇಲಾದವರು ಯಾರು?

ಪ್ರಶ್ನೆ: ಚಿಕ್ಕವನಿದ್ದಾಗ ಆರು ವರ್ಷ ಕರಾಟೆ ಕಲಿತು ಬ್ರೌನ್ ಬೆಲ್ಟ್‌ಗೆ ಬಂದು ಬಿಟ್ಟವನು ನಾನು. ಈಗ ನನ್ನ 12 ವರ್ಷದ ಮಗಳು ಮೂರು ವರ್ಷದಿಂದ ಕರಾಟೆಗೆ ಹೋಗುತ್ತಿದ್ದಾಳೆ. ನಮ್ಮ ಕಾಲದಲ್ಲಿ ಕ್ಲಾಸಿಗೆ ಮುಂಚೆ ಕಣ್ಣು ಮುಚ್ಚಿ ಕೂರಬೇಕಿತ್ತು, ನೆಲ ನಾವೇ ಒರೆಸಬೇಕಿತ್ತು. ಇವಳ ಕ್ಲಾಸಿನಲ್ಲಿ ಅದೊಂದೂ ಇಲ್ಲ. ಮೂರು ತಿಂಗಳಿಗೊಂದು ಗ್ರೇಡಿಂಗ್, ಪ್ರತಿ ಸಲ ಫೀಸು, ಪ್ರತಿ ಸಲ ಹೊಸ ಬೆಲ್ಟ್. ಉಳಿದ ಹೊತ್ತೆಲ್ಲ ಟೂರ್ನಮೆಂಟ್ ತಯಾರಿ. ಎರಡು ಮೆಡಲ್ ತಂದಿದ್ದಾಳೆ, ಖುಷಿಯಾಗಿಯೇ ಇದ್ದಾಳೆ. ಆದರೆ ಮೊನ್ನೆ ಮನೆಯಲ್ಲಿ ನಾನು ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದರೆ ಬಿಡಿಸಿಕೊಳ್ಳೋಕೆ ಆಗಲಿಲ್ಲ. ಒಲಿಂಪಿಕ್ಸ್ ಫೈನಲ್‌ನಲ್ಲಿ ಪ್ರಜ್ಞೆ ತಪ್ಪಿ ಬಿದ್ದವನಿಗೆ ಚಿನ್ನ ಕೊಟ್ಟಿದ್ದನ್ನೂ ನೋಡಿದೆ. ಇದು ಕರಾಟೆನಾ? ನನಗೆ ಗೊತ್ತಿರುವ ಹಿರಿಯ ಮಾಸ್ಟರ್ ಒಬ್ಬರಿದ್ದಾರೆ. ಟೂರ್ನಮೆಂಟ್ ಹೆಸರೆತ್ತಿದರೆ ಸಿಟ್ಟಾಗುತ್ತಾರೆ. ‘ನಮ್ಮದು ಕಲೆ, ಆಟ ಅಲ್ಲ’ ಅನ್ನುತ್ತಾರೆ. ಮಗಳನ್ನು ಅವರ ಹತ್ತಿರ ಸೇರಿಸಲಾ? ಮುಂದಿನ ತಿಂಗಳು ಅವಳಿಗೆ ಬ್ರೌನ್ ಬೆಲ್ಟ್ ಗ್ರೇಡಿಂಗ್ ಬೇರೆ ಇದೆ.

ಉತ್ತರ: ಮಣಿಕಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದೇ. ಅದಕ್ಕೆ ಮೊದಲು ನಿಮ್ಮ ಚಿಂತೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಸ್ಪರ್ಧೆ ಕಲೆಯನ್ನು ಕೆಡಿಸಿತು, ದುಡ್ಡು ಕಲೆಯನ್ನು ಕೆಡಿಸಿತು, ಹಿಂದೆ ಎಲ್ಲ ಶುದ್ಧವಾಗಿತ್ತು. ಈ ಮೂರೂ ಮಾತು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ. 28 ವರ್ಷದಿಂದ ಕಲಿಸುತ್ತಿದ್ದೇನೆ, ಇದೇ ಗಂಟು ಹಿಡಿದುಕೊಂಡು ಬರುವ ಅಪ್ಪ ಅಮ್ಮಂದಿರು ಪ್ರತಿ ವರ್ಷ ಸಿಗುತ್ತಾರೆ. ಕೊನೆಯದರಿಂದ ಶುರು ಮಾಡುತ್ತೇನೆ, ಅದು ಬೇಗ ಬಿಚ್ಚಿಕೊಳ್ಳುತ್ತದೆ.

ಬಿಳಿ ಡ್ರೆಸ್ಸು, ಬೆಲ್ಟು, ಸಾಲಾಗಿ ನಿಂತು ಎಣಿಕೆಗೆ ಸರಿಯಾಗಿ ಪಂಚ್ ಹೊಡೆಯುವುದು. ಇದೆಲ್ಲ ಸಾವಿರ ವರ್ಷದ್ದು ಅಂತ ನಿಮಗೂ ಹೇಳಿರುತ್ತಾರೆ, ನನಗೂ ಹೇಳಿದ್ದರು. ನಿಜ ಏನೆಂದರೆ ನಮ್ಮನ್ನು ಸಾಲಾಗಿ ನಿಲ್ಲಿಸಿದ್ದು ಶಾಲೆ. ಜಪಾನಿನ ಓಕಿನಾವಾ ದ್ವೀಪದಲ್ಲಿ ಇತೊಸು ಅಂಕೊ ಅನ್ನುವ ಕರಾಟೆ ಗುರು 1901ರ ಹೊತ್ತಿಗೆ ಕರಾಟೆಯನ್ನು ಶಾಲೆಯ ವ್ಯಾಯಾಮವಾಗಿ ತಂದರು. ಮಕ್ಕಳಿಗೆ ಸುಲಭವಾಗಲಿ ಅಂತ ಪಿನಾನ್ ಕಟಾಗಳನ್ನು, ಅಂದರೆ ಕ್ರಮ ನಿಗದಿಯಾದ ಚಲನೆಗಳ ಸರಣಿಗಳನ್ನು, ಜೋಡಿಸಿದರು. ಇವತ್ತು ಹೇಯಾನ್ ಅನ್ನುವ ಹೆಸರಿನಲ್ಲಿ ಎಷ್ಟೋ ಕ್ಲಾಸುಗಳಲ್ಲಿ ಕಲಿಸುವುದು ಅವನ್ನೇ. ಬೆಲ್ಟ್ ಕರಾಟೆಯದ್ದೇ ಅಲ್ಲ. 1882ರಲ್ಲಿ ಕೊಡೊಕಾನ್ ಅನ್ನುವ ಜೂಡೋ ಶಾಲೆ ಶುರು ಮಾಡಿದ ಕಾನೊ ಜಿಗೊರೊ ಜೂಡೋಗೆ ಡಾನ್ ಪದ್ಧತಿ, ಅಂದರೆ ಕಪ್ಪು ಬೆಲ್ಟಿನ ದರ್ಜೆಗಳು, ತಂದರು. ಓಕಿನಾವಾದ ಕರಾಟೆ ಗುರು ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ಬಂದ ಮೇಲೆ ಜೂಡೋದಿಂದಲೇ ಡ್ರೆಸ್ಸನ್ನೂ ಡಾನನ್ನೂ ತೆಗೆದುಕೊಂಡರು. ಅವರು ಮೊದಲ ಡಾನ್‌ಗಳನ್ನು ಕೊಟ್ಟಿದ್ದು 1924ರಲ್ಲಿ. ಹಳದಿ, ಹಸಿರು, ನೀಲಿ ಅಂತ ಬಣ್ಣಗಳು ಬೆಳೆದದ್ದು ಯುರೋಪಿನ ಜೂಡೋ ಕ್ಲಬ್ಬುಗಳಲ್ಲಿ.

ಅಂದರೆ ನೀವು ಪರಂಪರೆ ಅಂದುಕೊಂಡಿದ್ದು ನೂರು ಚಿಲ್ಲರೆ ವರ್ಷದ ಹಿಂದೆ ಬುದ್ಧಿವಂತ ಮೇಷ್ಟ್ರುಗಳು ಮಾಡಿದ ಬದಲಾವಣೆ. ಮೇಷ್ಟ್ರು ಅಂತ ಬೇಕೆಂದೇ ಬರೆದೆ. ಕಾನೊ, ಫುನಾಕೋಶಿ ಇಬ್ಬರೂ ಶಿಕ್ಷಕರು. ಇದನ್ನು ಹೇಳಿದ್ದು ನಿಮ್ಮ ನೆನಪುಗಳನ್ನು ಸಣ್ಣದು ಮಾಡೋಕಲ್ಲ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಒಂದು ಕ್ಲಾಸನ್ನು ಆರಿಸಬೇಡಿ ಅಂತ ಹೇಳೋಕೆ, ಅಷ್ಟೆ.

ಇನ್ನು ಸ್ಪರ್ಧೆ. ಹಿರಿಯ ಮಾಸ್ಟರ್ ‘ಕಲೆ, ಆಟ ಅಲ್ಲ’ ಅಂದಿದ್ದರಲ್ಲಿ ಅರ್ಧ ಸತ್ಯವಿದೆ. ಫುನಾಕೋಶಿಯವರಿಗೂ ಕುಮಿಟೆ ಪಂದ್ಯ, ಅಂದರೆ ಇಬ್ಬರು ಎದುರುಬದುರು ಹೋರಾಡುವ ಸ್ಪರ್ಧೆ, ಇಷ್ಟವಿರಲಿಲ್ಲ. ಅವರು ತೀರಿಕೊಂಡ 1957ರಲ್ಲೇ ಅವರ ಶಿಷ್ಯರ ಸಂಸ್ಥೆ, ಜಪಾನ್ ಕರಾಟೆ ಅಸೋಸಿಯೇಷನ್, ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಸಿತು. ಆದರೆ ಕಾನೊ ಇನ್ನೊಂದು ದಿಕ್ಕಿನಿಂದ ಯೋಚಿಸಿದ್ದರು. ಕಣ್ಣಿಗೆ ಚುಚ್ಚುವುದು, ಮರ್ಮಕ್ಕೆ ಹೊಡೆಯುವುದು ಇವೆಲ್ಲ ಭಯಂಕರ ಪಟ್ಟುಗಳೇ. ಆದರೆ ಅವನ್ನು ಜೊತೆಗಾರನ ಮೇಲೆ ಪೂರ್ತಿ ಬಲದಿಂದ ಅಭ್ಯಾಸ ಮಾಡೋಕೆ ಆಗುತ್ತಾ? ಆಗಲ್ಲ. ಗಾಳಿಯಲ್ಲಿ ಮಾಡಬೇಕು, ಇಲ್ಲ ಅರ್ಧಕ್ಕೆ ನಿಲ್ಲಿಸಬೇಕು. ಹಾಗಾಗಿ ಕಾನೊ ಅಂಥವನ್ನು ಕಟಾಗೆ ಬಿಟ್ಟು, ಎಸೆಯುವುದು, ಅದುಮಿ ಹಿಡಿಯುವುದು, ಇಂಥ ಪೂರ್ತಿ ಬಲ ಹಾಕಬಹುದಾದ ಪಟ್ಟುಗಳನ್ನು ದಿನಾ ಎದುರಾಳಿಯ ಮೇಲೆ ಮಾಡಿಸಿದರು. ಅದೇ ರಾಂಡೋರಿ. ಎದುರಿಗಿರುವವನೂ ನಿಮ್ಮನ್ನು ಕೆಡವಬೇಕು ಅಂತಲೇ ನಿಂತಿರುತ್ತಾನೆ. ಎಷ್ಟು ಭಯಂಕರ ಪಟ್ಟು ಗೊತ್ತು ಅನ್ನುವುದಕ್ಕಿಂತ, ಒಪ್ಪದವನ ಮೇಲೆ ಎಷ್ಟು ಪಟ್ಟು ಕೆಲಸ ಮಾಡುತ್ತದೆ ಅನ್ನುವುದು ದೊಡ್ಡದು. ಇಷ್ಟು ವರ್ಷದಲ್ಲಿ ನಾನು ಕಲಿತ ಮುಖ್ಯ ಪಾಠ ಇದು, ಅದೂ ಸ್ವಲ್ಪ ತಡವಾಗಿ.

ನೀವು ನೋಡಿದ ಆ ಫೈನಲ್ 2021ರಲ್ಲಿ ನಡೆದ ಟೋಕಿಯೊ 2020 ಒಲಿಂಪಿಕ್ಸ್‌ನದು, ಪುರುಷರ 75 ಕೆಜಿ ಮೇಲ್ಪಟ್ಟ ವಿಭಾಗ. ಸೌದಿಯ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ಅವರ ಕಿಕ್ ತಲೆಗೆ ಬಿದ್ದು ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿದರು. ಹಮೇದಿ ಅನರ್ಹರಾದರು, ಚಿನ್ನ ಗಂಜ್‌ಜಾದೆಗೆ ಹೋಯಿತು. ಜನ ನಕ್ಕರು. ನನ್ನ ವಿದ್ಯಾರ್ಥಿಗಳೂ ನಕ್ಕರು. ನನಗೇನೋ ಆ ತೀರ್ಪು ಆವತ್ತಿನ ಅತ್ಯಂತ ಸಂಪ್ರದಾಯದ ಘಟನೆ ಅನ್ನಿಸಿತು. ಏಟು ಗುರಿ ಮುಟ್ಟುವ ಹೊತ್ತಿಗೆ ಹಿಡಿತದಲ್ಲಿರಬೇಕು ಅನ್ನುವುದು ಆ ಕರಾಟೆಯ ಹಳೆಯ ಶಿಸ್ತು. ‘ನಿಲ್ಲಿಸೋಕೆ ಬರದಿದ್ದರೆ ನಿನಗೆ ಹೊಡೆಯೋಕೂ ಬರಲ್ಲ’ ಅಂತ ನಿಮ್ಮ ಮಾಸ್ಟರ್ ನಿಮಗೂ ಬೈದಿರಬೇಕಲ್ವಾ? ಅದನ್ನೇ ರೆಫ್ರಿ ಹೇಳಿದ್ದು. ಇದು ಬೀದಿ ಜಗಳಕ್ಕೆ ಒಳ್ಳೆಯ ತಯಾರಿಯಾ ಅನ್ನುವುದು ಬೇರೆ ಪ್ರಶ್ನೆ. ಆದರೆ ಸಂಪ್ರದಾಯ ಬೇಕು ಅನ್ನುವವರು ಆ ತೀರ್ಪನ್ನು ಆಡಿಕೊಳ್ಳುವುದು ನನಗೆ ಅರ್ಥವಾಗಲ್ಲ.

ಹಾಗಂತ ನಿಮ್ಮ ಅನುಮಾನ ಸುಳ್ಳಲ್ಲ. ರೂಲ್ಸ್ ಏನಿದೆಯೋ ದೇಹ ಅದನ್ನೇ ಕಲಿಯುತ್ತದೆ. ಟೇಕ್ವಾಂಡೋ ಪಂದ್ಯದಲ್ಲಿ ಮುಖಕ್ಕೆ ಪಂಚ್ ಹಾಕುವಂತಿಲ್ಲ, ಹಾಗಾಗಿ ಆಟಗಾರರು ಕೈ ಕೆಳಗೆ ಬಿಟ್ಟು ಆಡುತ್ತಾರೆ. ಏಟು ತಗಲಿದ್ದನ್ನು ತಾನೇ ಗುರುತಿಸುವ ಎಲೆಕ್ಟ್ರಾನಿಕ್ ಕವಚ ಬಂದ ಮೇಲೆ ಮುಂದಿನ ಕಾಲನ್ನು ಎತ್ತಿಟ್ಟುಕೊಂಡು ಮುಟ್ಟಿಸುವ ಆಟ ಜಾಸ್ತಿಯಾಯಿತು. ಜೂಡೋದಲ್ಲಿ ಕಾಲು ಹಿಡಿದು ಎತ್ತುವ ಪಟ್ಟುಗಳಿಗೆ 2010ರಲ್ಲಿ ಅರ್ಧ, 2013ರಲ್ಲಿ ಪೂರ್ತಿ ನಿರ್ಬಂಧ ಬಂತು. ಪಂದ್ಯದಲ್ಲಿ ಇಲ್ಲದ ಮೇಲೆ ಕ್ಲಾಸಿನಲ್ಲೂ ಅವು ಮರೆಯಾದವು. ಅತಿ ಗಟ್ಟಿ ಕರಾಟೆ ಅಂತ ಹೆಸರಾದ ಕ್ಯೋಕುಶಿನ್‌ನಲ್ಲೂ ಇದೇ ಕಥೆ. ಗ್ಲೌಸ್ ಇಲ್ಲದೆ ಎದೆಗೆ ಹೊಡೆದುಕೊಳ್ಳುತ್ತಾರೆ, ಆದರೆ ಮುಖಕ್ಕೆ ಪಂಚ್ ಇಲ್ಲ. ಆದ್ದರಿಂದ ಮುಖ ಕಾಯುವ ಅಭ್ಯಾಸ ಸಡಿಲ. ನಿಮ್ಮ ಮಗಳ ಪಂದ್ಯದಲ್ಲಿ ತಲೆಗೆ ಕಿಕ್ ಹಾಕಿದರೆ ಮೂರು ಪಾಯಿಂಟ್, ಮೈಗೆ ಕಿಕ್ ಎರಡು, ಪಂಚ್ ಒಂದು ಅಂತ ಲೆಕ್ಕ ಇರಬಹುದು. ಮಣಿಕಟ್ಟು ಬಿಡಿಸಿಕೊಂಡರೆ ಸೊನ್ನೆ. ಅವಳು ಯಾಕೆ ಕಲಿಯಬೇಕು ಹೇಳಿ?

ಈಗ ದುಡ್ಡಿನ ವಿಷಯ. ಇದನ್ನು ನನ್ನಿಂದಲೇ ಶುರು ಮಾಡಬೇಕು.

ಕಲಿಸೋಕೆ ಶುರು ಮಾಡಿ ಏಳೆಂಟು ವರ್ಷ ಆಗಿತ್ತು. ಹಾಲ್‌ನ ಬಾಡಿಗೆ ಎರಡು ತಿಂಗಳು ಬಾಕಿ. ಗ್ರೇಡಿಂಗ್ ದಿನ ಒಬ್ಬ ಹುಡುಗ ಕಟಾ ಮಧ್ಯದಲ್ಲಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದ. ಮುಂದೇನು ಅಂತ ಮರೆತು ಗೋಡೆ ನೋಡುತ್ತಾ ನಿಂತ. ಹತ್ತು ಸೆಕೆಂಡ್ ಇರಬಹುದು, ಯಾರೂ ಉಸಿರಾಡಲಿಲ್ಲ. ಆಮೇಲೆ ಪಕ್ಕದವನನ್ನು ನೋಡಿಕೊಂಡು ಹೇಗೋ ಮುಗಿಸಿದ. ಪಾಸ್ ಮಾಡಿದೆ. ಫೇಲ್ ಮಾಡಿದ್ದರೆ ಅವನೂ ಬಿಡುತ್ತಿದ್ದ, ಅವನ ಜೊತೆ ಬರುತ್ತಿದ್ದ ಇಬ್ಬರು ತಮ್ಮಂದಿರೂ ಬಿಡುತ್ತಿದ್ದರು. ಹೊಸ ಬೆಲ್ಟ್ ಕಟ್ಟುವಾಗ ಅವನು ಮೆಲ್ಲಗೆ ಕೇಳಿದ, ‘ಸರ್, ನಾನು ತಪ್ಪು ಮಾಡಿದೆ ಅಲ್ವಾ?’ ನಾನು ಗಂಟು ಬಿಗಿ ಮಾಡುವುದರಲ್ಲೇ ಇದ್ದೆ. ಉತ್ತರ ಕೊಡಲಿಲ್ಲ.

ಫೀಸು ತಗೊಳ್ಳುವುದು ತಪ್ಪಲ್ಲ. ಟೋಕಿಯೊದ ಮೊದಲ ವರ್ಷಗಳಲ್ಲಿ ಫುನಾಕೋಶಿ ಒಂದು ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಕಸ ಗುಡಿಸಿ ಹೊಟ್ಟೆ ಹೊರೆದರು, ನಿಜ. ಅದನ್ನೇ ಎಲ್ಲ ಮಾಸ್ಟರ್‌ಗಳಿಂದಲೂ ಕೇಳೋಕೆ ಆಗಲ್ಲ. ಕೆಡುವುದು ಯಾವಾಗ ಅಂದರೆ ಮಾಸ್ಟರ್‌ಗೆ ‘ಇನ್ನೂ ಆಗಿಲ್ಲ, ಮುಂದಿನ ಸಲ ಬಾ’ ಅನ್ನುವ ಧೈರ್ಯ ಹೋದಾಗ. ಬ್ರೆಜಿಲಿಯನ್ ಜಿಯು-ಜಿಟ್ಸು ನೋಡಿ. ಅಲ್ಲೂ ದೊಡ್ಡ ವ್ಯಾಪಾರ ಇದೆ, ವರ್ಷವಿಡೀ ಟೂರ್ನಮೆಂಟ್ ಇವೆ. ಆದರೂ ಕಪ್ಪು ಬೆಲ್ಟ್‌ಗೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ದೊಡ್ಡವರ ಮೊದಲ ಬಣ್ಣವಾದ ನೀಲಿಗೇ 16 ತುಂಬಿರಬೇಕು. ಯಾಕೆ ಬೆಲ್ಟ್ ಅಗ್ಗವಾಗಲಿಲ್ಲ? ಪ್ರತಿ ಸಂಜೆ ಒಬ್ಬರ ಮೇಲೊಬ್ಬರು ಬಿದ್ದು ಹೋರಾಡುತ್ತಾರೆ. ಸುಮ್ನೆ ಕೊಟ್ಟ ನೀಲಿ ಬೆಲ್ಟ್ ಆವತ್ತು ರಾತ್ರಿಯೇ ಬಯಲಾಗುತ್ತದೆ. ಸ್ಪರ್ಧೆಯೂ ವ್ಯಾಪಾರವೂ ಇದ್ದಲ್ಲೇ ಬೆಲ್ಟ್‌ಗೆ ಬೆಲೆ ಉಳಿದಿದೆ. ‘ಕಲೆ’ ಅಂತ ಹೇಳಿಕೊಂಡು ಯಾರನ್ನೂ ಎದುರಿಗೆ ನಿಲ್ಲಿಸದ ಎಷ್ಟೋ ಕ್ಲಾಸುಗಳಲ್ಲಿ ಹೋಗಿದೆ.

ನಿಮ್ಮ ಮಗಳ ಮಾಸ್ಟರ್‌ಗೆ ಒಂದು ಪ್ರಶ್ನೆ ಕೇಳಿ. ಜಗಳದ ಧಾಟಿಯಲ್ಲಿ ಬೇಡ, ಸಹಜವಾಗಿ. ‘ಕೊನೆಯ ಗ್ರೇಡಿಂಗ್‌ನಲ್ಲಿ ಯಾರಾದರೂ ಫೇಲಾದರಾ? ಅವರಿಗೆ ಏನು ಹೇಳಿದಿರಿ?’ ‘ರೆಡಿ ಇಲ್ಲದವರನ್ನು ನಾನು ಗ್ರೇಡಿಂಗ್‌ಗೆ ಕೂರಿಸುವುದೇ ಇಲ್ಲ’ ಅಂದರೂ ಒಳ್ಳೆಯ ಉತ್ತರವೇ. ಆಗ ಈ ಸಲ ಕೂರದವರು ಯಾರು ಅಂತ ಕೇಳಿ. ಹೆಸರು ತಕ್ಷಣ ಬಾಯಿಗೆ ಬರಬೇಕು. ಎಲ್ಲರೂ ಪಾಸ್, ಯಾವಾಗಲೂ ಪಾಸ್ ಅಂದರೆ ಅದು ಪರೀಕ್ಷೆ ಅಲ್ಲ, ಮೂರು ತಿಂಗಳ ಚಂದಾ.

ಹಲಗೆ ಒಡೆಯುವುದನ್ನು ನೋಡಿ ಮಾರುಹೋಗಬೇಡಿ, ಅದು ಇಲ್ಲಿ ನೆನಪಾಯಿತು. ಮರದ ಎಳೆ ಹೋಗುವ ದಿಕ್ಕಿನಲ್ಲಿ ಸೀಳುವಂತೆ ಹಿಡಿದರೆ ತೆಳು ಒಣ ಹಲಗೆ ಮಗುವಿನ ಕೈಗೂ ಒಡೆಯುತ್ತದೆ. ಎಳೆಗೆ ಅಡ್ಡಲಾಗಿ ಹಿಡಿಯಲಿ, ದೊಡ್ಡವರೂ ಕೈ ನೀವಿಕೊಳ್ಳುತ್ತಾರೆ. ಮಕ್ಕಳಿಗೆ ಧೈರ್ಯ ಬರಲಿ ಅಂತ ಮಾಡಿಸಿದರೆ ಸರಿ, ಶಕ್ತಿಗೆ ಸರ್ಟಿಫಿಕೇಟ್ ಅಂತ ತೋರಿಸಿದರೆ ಸರಿಯಲ್ಲ.

ಈಗ ಮಣಿಕಟ್ಟಿಗೆ ಬರೋಣ. ಮೊದಲು ಮಗಳ ಪರವಾಗಿ ಒಂದು ಮಾತು. ಬೆಳೆದ ಗಂಡಸು ಮುಂಚೆಯೇ ಹೇಳಿ, ಕಾಲೂರಿ ನಿಂತು, ಗಟ್ಟಿಯಾಗಿ ಹಿಡಿದರೆ 12 ವರ್ಷದ ಎಷ್ಟೋ ಮಕ್ಕಳಿಗೆ ಬಿಡಿಸಿಕೊಳ್ಳೋಕೆ ಆಗಲ್ಲ, ಯಾವ ಕ್ಲಾಸಿಗೆ ಹೋಗಿದ್ದರೂ. ಅವಳು ಸೋತಿದ್ದರಲ್ಲಿ ಆಶ್ಚರ್ಯ ಇಲ್ಲ. ಅವಳು ಏನು ಮಾಡೋಕೆ ನೋಡಿದಳು ಅನ್ನುವುದು ಮುಖ್ಯ. ಸುಮ್ನೆ ಹಿಂದಕ್ಕೆ ಜಗ್ಗಿದಳಾ?

ಇದನ್ನು ಮನೆಯಲ್ಲಿ ನೋಡಿ. ನಿಮ್ಮ ಹಿಡಿತದಲ್ಲಿ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಒಂದೇ. ಹೆಬ್ಬೆರಳಿನ ತುದಿಯೂ ಬೆರಳುಗಳ ತುದಿಯೂ ಸೇರುವ ಸಂದು ಇದೆಯಲ್ಲ, ಹಿಡಿತದ ಬಾಗಿಲು ಅದು. ಅವಳು ಮಣಿಕಟ್ಟಿನ ತೆಳ್ಳಗಿನ ಅಂಚನ್ನು ಆ ಸಂದಿಗೆ ತಿರುಗಿಸಬೇಕು. ಕೈಯನ್ನು ಹಿಂದಕ್ಕೆ ಎಳೆಯುವ ಬದಲು ಮೊಣಕೈಯನ್ನು ನಿಮ್ಮ ಮೊಣಕೈ ಕಡೆಗೆ ಒಯ್ಯಬೇಕು, ಜೊತೆಗೆ ಒಂದು ಹೆಜ್ಜೆ ಮುಂದೆ ಬರಬೇಕು. ಆಗ ಕೆಲಸ ಮಾಡುವುದು ಬರೀ ತೋಳಲ್ಲ, ಇಡೀ ಮೈ. ಅದಕ್ಕೂ ಮೊದಲು ಜೋರಾಗಿ ಕಿರುಚಬೇಕು, ಬೇಕಾದರೆ ಮೊಣಕಾಲಿನ ಕೆಳಗಿನ ಮೂಳೆಗೆ ಒದೆಯಬೇಕು. ಹಿಡಿದವನ ಗಮನ ಅರ್ಧ ಕ್ಷಣ ಬೇರೆ ಕಡೆ ಹೋದರೆ ಸಾಕು.

ತಮಾಷೆ ಏನು ಗೊತ್ತಾ, ಇದು ಅವಳ ಕಟಾದಲ್ಲೇ ಇದೆ. ಬಲಗೈಯಲ್ಲಿ ಪಂಚ್ ಹೊಡೆಯುವಾಗ ಎಡ ಮುಷ್ಟಿಯನ್ನು ಸೊಂಟಕ್ಕೆ ಎಳೆದುಕೊಳ್ಳುತ್ತಾಳಲ್ಲ, ಹಿಕಿತೆ. ಯಾಕೆ ಅಂತ ಕೇಳಿ. ‘ಪವರ್ ಬರೋಕೆ’ ಅನ್ನುತ್ತಾಳೆ, ನಾವೂ ಹಾಗೇ ಹೇಳುತ್ತಿದ್ದೆವು. ಪಂದ್ಯದಲ್ಲಾದರೆ ಏಟು ಹಿಡಿತದಲ್ಲಿತ್ತು ಅಂತ ರೆಫ್ರಿಗೆ ತೋರಿಸೋಕೆ. ಕಟಾದ ಹಳೆಯ ಅರ್ಥದಲ್ಲಿ ಆ ಮುಷ್ಟಿ ಖಾಲಿ ಅಲ್ಲ. ಎದುರಾಳಿಯ ಕೈಯನ್ನೋ ಬಟ್ಟೆಯನ್ನೋ ಹಿಡಿದು ತನ್ನ ಕಡೆಗೆ ಎಳೆಯುತ್ತಿದೆ, ಬಲಗೈ ಹೊಡೆಯುತ್ತಿದೆ. ‘ಬ್ಲಾಕ್’ ಅಂತ ಕಲಿಸುವ ಎಷ್ಟೋ ಚಲನೆಗಳು ಹಿಡಿತ ಬಿಡಿಸುವುದಕ್ಕೂ ಬರುತ್ತವೆ. ಇದನ್ನು ಬುಂಕಾಯ್ ಅನ್ನುತ್ತಾರೆ. ಟೂರ್ನಮೆಂಟ್ ಕ್ಲಾಸುಗಳಲ್ಲಿ ಇದಕ್ಕೆ ಸಮಯವೇ ಸಿಗಲ್ಲ. ಸಂಪ್ರದಾಯದ ಕ್ಲಾಸುಗಳಲ್ಲಿ ಕಲಿಸುತ್ತಾರೆ, ಆದರೆ ಜೊತೆಗಾರ ಒಂದು ಪಂಚ್ ಹಾಕಿ ಕಲ್ಲಿನಂತೆ ನಿಂತಿರುತ್ತಾನೆ, ಇವರು ಅವನ ಮೇಲೆ ಮೂರು ಪಟ್ಟು ತೋರಿಸುತ್ತಾರೆ. ಎರಡರಲ್ಲೂ ಅವಳಿಗೆ ಬೇಕಾದ್ದು ಸಿಗಲ್ಲ.

ಹಾಗಾಗಿ ಹಿರಿಯ ಮಾಸ್ಟರ್ ಹತ್ತಿರ ಸೇರಿಸುವ ಮುಂಚೆ ಎರಡು ಪೂರ್ತಿ ಕ್ಲಾಸು ಕೂತು ನೋಡಿ. ಕೂರೋಕೆ ಬಿಡದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಮಕ್ಕಳ ಕ್ಲಾಸಿನಲ್ಲಿ ಅಪ್ಪ ಅಮ್ಮ ನೋಡಬಾರದಂಥ ಗುಟ್ಟು ಯಾವುದೂ ಇರಬಾರದು. ಜೊತೆಗಾರ ನಿಜವಾಗಿ ಹಿಡಿಯುತ್ತಾನಾ, ಪಟ್ಟು ಕೆಲಸ ಮಾಡದಿದ್ದರೆ ಮಾಸ್ಟರ್ ನಕ್ಕು ಇನ್ನೊಂದು ಸಲ ತೋರಿಸುತ್ತಾರಾ, ಅಥವಾ ಜೊತೆಗಾರನಿಗೇ ‘ಸರಿಯಾಗಿ ಬೀಳು’ ಅಂತ ಬೈಯುತ್ತಾರಾ? ಮಗು ‘ಯಾಕೆ ಸರ್’ ಅಂದರೆ ಉತ್ತರ ಸಿಗುತ್ತದಾ? ವಿಧೇಯತೆಯನ್ನು ಮೌಲ್ಯ ಅಂತ ಕಲಿಸುವ ಜಾಗದಲ್ಲೇ ಅದರ ದುರುಪಯೋಗವೂ ಸುಲಭ. ನಾನು ಕಲಿತ ಕಾಲದಲ್ಲಿ ಒಬ್ಬ ಹಿರಿಯರು ಶಿಸ್ತಿನ ಹೆಸರಲ್ಲಿ ಚಿಕ್ಕ ಹುಡುಗರಿಗೆ ಬೆತ್ತದಲ್ಲಿ ಹೊಡೆಯುತ್ತಿದ್ದರು. ಅದನ್ನು ಪರಂಪರೆ ಅಂತಲೇ ನಾವೆಲ್ಲ ನುಂಗಿಕೊಂಡೆವು. ಇನ್ನೊಂದು, ಗಟ್ಟಿ ನೆಲದಲ್ಲಿ ಬೆರಳ ಗೆಣ್ಣಿನ ಮೇಲೆ ಪುಶ್ಅಪ್, ಹಲಗೆಗೆ ಮುಷ್ಟಿ ಗುದ್ದಿ ಗೆಣ್ಣು ಗಟ್ಟಿ ಮಾಡುವುದು ಬೆಳೆಯುವ ಮಕ್ಕಳಿಗೆ ಬೇಡವೇ ಬೇಡ. ಅವರ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಭಾಗ ಇನ್ನೂ ಮೆತ್ತಗಿರುತ್ತದೆ, ಪೆಟ್ಟಾದರೆ ಬೆಳವಣಿಗೆಗೇ ತೊಂದರೆ.

ಈಗಿನ ಕ್ಲಾಸಿನಲ್ಲೇ ಇದ್ದರೆ ಎರಡು ವಿಷಯ ಬಿಡಬೇಡಿ. ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಗೊಂದಲ ಏನಾದರೂ ಕಂಡರೆ ಆವತ್ತು ಮತ್ತೆ ಮ್ಯಾಟ್ ಹತ್ತಬಾರದು. ಫೈನಲ್ ಇದ್ದರೂ ಸರಿ, ಮೊದಲು ಡಾಕ್ಟರ್. ಇನ್ನೊಂದು ತೂಕ. ಕೆಳಗಿನ ವಿಭಾಗಕ್ಕೆ ಇಳಿಸೋಕೆ ಮಕ್ಕಳಿಗೆ ಊಟ ನೀರು ಬಿಡಿಸುವವರಿದ್ದಾರೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ಹೀಗೆ ಬೆವರಿಳಿಸಿ ತೂಕ ಕಳೆಯೋಕೆ ಹೋಗಿ ಸತ್ತರು. ನಿಮ್ಮ ಮಗಳಿಗೆ ಯಾರಾದರೂ ‘ಎರಡು ಕೆಜಿ ಇಳಿಸು’ ಅಂದರೆ ಆ ಟೂರ್ನಮೆಂಟೇ ಬೇಡ.

ಕಣ್ಣು ಮುಚ್ಚಿ ಕೂರುವುದು, ನೆಲ ಒರೆಸುವುದು, ಇಂಥವು ಕಲಿಸುವ ಮೌಲ್ಯದ ಬಗ್ಗೆ ನೀವು ಹೇಳಿದ್ದರಲ್ಲಿ ಹುರುಳಿದೆ. 1986ರಲ್ಲಿ ಟ್ರುಲ್ಸನ್ ಅನ್ನುವ ಸಂಶೋಧಕರು ದಾರಿ ತಪ್ಪಿದ ಹದಿಹರೆಯದ ಹುಡುಗರನ್ನು ಮೂರು ಗುಂಪು ಮಾಡಿ ಆರು ತಿಂಗಳು ನೋಡಿದರು. ಸಂಪ್ರದಾಯದ ಟೇಕ್ವಾಂಡೋ ಕಲಿತವರಲ್ಲಿ ಆಕ್ರಮಣದ ಸ್ವಭಾವ ಕಡಿಮೆಯಾಯಿತು. ಬರೀ ಹೊಡೆದಾಟದ ಭಾಗ ಕಲಿತವರಲ್ಲಿ ಜಾಸ್ತಿಯಾಯಿತು. 34 ಹುಡುಗರ ಸಣ್ಣ ಅಧ್ಯಯನ, ಅದರ ಮೇಲೆ ಮನೆ ಕಟ್ಟೋಕಾಗಲ್ಲ. ಆದರೂ ನನ್ನ ಅನುಭವಕ್ಕೆ ಹೊಂದುತ್ತದೆ. ನೆಲ ಒರೆಸುವುದನ್ನು ನನ್ನ ಕ್ಲಾಸಿನಲ್ಲಿ ಇವತ್ತೂ ಮಾಡಿಸುತ್ತೇನೆ, ಕಪ್ಪು ಬೆಲ್ಟ್‌ನವರೇ ಮೊದಲು ಬಟ್ಟೆ ಹಿಡಿಯಬೇಕು. ವಿನಯ ಬರುತ್ತದೋ ಇಲ್ಲವೋ, ಮ್ಯಾಟ್‌ನಿಂದ ಹರಡುವ ಹುಳುಕಡ್ಡಿಯಂತೂ ಕಡಿಮೆಯಾಗಿದೆ.

ನನ್ನನ್ನು ಕೇಳಿದರೆ ಈಗಲೇ ಕ್ಲಾಸ್ ಬದಲಿಸಬೇಡಿ. ಅವಳು ಖುಷಿಯಾಗಿದ್ದಾಳೆ, ಮೈ ಚುರುಕಾಗಿದೆ, ಏಟು ಬಂದರೆ ಕಣ್ಣು ಮುಚ್ಚದೆ ನಿಲ್ಲೋಕೆ ಕಲಿತಿದ್ದಾಳೆ. ಇದನ್ನು ಮನೆಯಲ್ಲಿ ಕೂತು ಕಲಿಸೋಕೆ ಆಗಲ್ಲ. ಆ ಹಿರಿಯರು ಪರೀಕ್ಷೆ ದಾಟಿದರೆ, ಟೂರ್ನಮೆಂಟ್ ಬಿಡು ಅನ್ನದಿದ್ದರೆ, ವಾರಕ್ಕೊಂದು ದಿನ ಅಲ್ಲಿಗೂ ಕಳಿಸಿ. ಒಪ್ಪದಿದ್ದರೆ ಜೂಡೋ ಅಥವಾ ಜಿಯು-ಜಿಟ್ಸು ಒಂದು ದಿನ ಸೇರಿಸಿ. ಹಿಡಿದವರಿಂದ ಬಿಡಿಸಿಕೊಳ್ಳುವುದು ಅಲ್ಲಿ ಪ್ರತಿದಿನದ ಕೆಲಸ.

ಮುಂದಿನ ತಿಂಗಳ ಗ್ರೇಡಿಂಗ್ ಬಗ್ಗೆ ಮಾಸ್ಟರ್‌ಗಿಂತ ಮೊದಲು ಅವಳನ್ನೇ ಕೇಳಿ: ‘ನಿನಗೆ ಏನನ್ನಿಸುತ್ತೆ, ಬ್ರೌನ್‌ಗೆ ರೆಡಿ ಇದ್ದೀಯಾ?’ ಮಕ್ಕಳಿಗೆ ಗೊತ್ತಿರುತ್ತದೆ. ನನ್ನ ಆ ಹುಡುಗನಿಗೆ ಗೊತ್ತಿತ್ತು. ರೆಡಿ ಅಂದರೆ ಕೂರಲಿ. ಇನ್ನೂ ಇಲ್ಲ ಅಂದರೆ ಮೂರು ತಿಂಗಳು ಹಳೆಯ ಬೆಲ್ಟಲ್ಲೇ ಇರಲಿ, ಅಷ್ಟರಲ್ಲಿ ನೀವಿಬ್ಬರೂ ಮಣಿಕಟ್ಟಿನ ಅಭ್ಯಾಸ ಮಾಡಿ. ನೀವೂ ಒಂದು ಕಾಲದ ಬ್ರೌನ್ ಬೆಲ್ಟ್ ಅಲ್ವಾ, ಹಿಡಿತ ಸ್ವಲ್ಪ ಸ್ವಲ್ಪವೇ ಗಟ್ಟಿ ಮಾಡುತ್ತಾ ಹೋಗಿ.